ಅತ್ತೆಗೊಂದು ಕಾಲ್, ಮೀನಿಗೊಂದು ಕಾಲ್

ನಮ್ಮ ಮನೆಯ ಟಿ.ವಿ.ಯಲ್ಲಿ ಕ್ರಿಕೆಟ್ ಆಡುವವರಿಗೆ ತಲೆ ಇರುತ್ತಿರಲಿಲ್ಲ. (ತಲೆಯಿಲ್ಲದವರ ಹಾಗೆ ಆಡುತ್ತಾರೆ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ, ಆ ವಿಷಯ ಬೇರೆ.) ಸಂಜೆಯಾಗುತ್ತಿದ್ದ ಹಾಗೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಾ ಬಂದು ಕೊನೆಗೆ ಪರದೆಯ ನಡುವೆ ಒಂದು ಪಟ್ಟಿಯಷ್ಟು ಉಳಿಯುತ್ತಿತ್ತು. ಆ ಪಟ್ಟಿಯಲ್ಲಿ ಸೊಂಟದಿಂದ ಮೊಣಕಾಲಿನವರೆಗಿನ ಭಾರತ ತಂಡ ಕಾಣಿಸುತ್ತಿತ್ತು. ಸ್ಟೆಬಿಲೈಜರ್ ಕಟಕಟ ಹಲ್ಲು ಕಡಿಯುತ್ತಿತ್ತು. ಬೌಲರ್ ಓಡಿಬಂದದ್ದು ಗೊತ್ತಾಗುತ್ತಿತ್ತೇ ಹೊರತು, ಔಟಾದವನು ಯಾರು ಎಂದು ಮರುದಿನ ಪೇಪರಿನಲ್ಲಿ ನೋಡಬೇಕಾಗಿತ್ತು. ಇದಕ್ಕೆಲ್ಲ ಕಾರಣ ವಿದ್ಯುತ್ ಇಲಾಖೆಯೆಂದು ನೀವು ತಿಳಿದರೆ ಅದು ತಪ್ಪು. ಕಾರಣ ನನ್ನ ಹೆಂಡತಿ ಸಾಕಿದ ಮೀನುಗಳು.

ಮೂಡಿಗೆರೆಯಿಂದ ದೇವರಮನೆ ಗುಡ್ಡದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಾಫಿ ತೋಟವಿದೆ. ನಾನು ಅದನ್ನು ಎಸ್ಟೇಟ್ ಎನ್ನುತ್ತೇನೆ, ಬ್ಯಾಂಕಿನವರು ಸಣ್ಣ ಹಿಡುವಳಿ ಎನ್ನುತ್ತಾರೆ. ತೋಟದ ತಗ್ಗಿನಲ್ಲಿ ಒಂದು ಕೆರೆ. ಬೇಸಿಗೆಯಲ್ಲಿ ಕಾಫಿ ಹೂವಾಗಲು ಸ್ಪ್ರಿಂಕ್ಲರ್ ಹೊಡೆಯುವುದಕ್ಕೆ ಅದರ ನೀರು ಬೇಕು, ಉಳಿದ ದಿನ ಅದು ಸುಮ್ಮನೆ ಮಲಗಿರುತ್ತದೆ. ಹಿಂದಿನ ವರ್ಷ ಮಳೆ ನಿಂತ ಮೇಲೆ ಜಲಜಾಕ್ಷಿ ಬಂದು ನನ್ನ ಮುಂದೆ ನಿಂತಳು. (ಜಲಜಾಕ್ಷಿ ನನ್ನ ಹೆಂಡತಿ. ಜಲಜ ಎಂದರೆ ನೀರಿನಲ್ಲಿ ಹುಟ್ಟಿದ್ದು. ಹೆಸರಿಟ್ಟವರು ತಾವರೆಯನ್ನು ನೆನೆದಿರಬಹುದು, ಆದರೆ ನೀರಿನಲ್ಲಿ ಮೀನೂ ಹುಟ್ಟುತ್ತದೆ ಎಂಬುದನ್ನು ಅವರು ಮರೆತರು.)

"ಪಲ್ಪರ್ ನಿಮ್ದು, ಕಣ ನಿಮ್ದು, ಗೋಡೌನ್ ನಿಮ್ದು. ನಾಯಿ ಕೂಡ ನಿಮ್ಮ ಮಾತೇ ಕೇಳುತ್ತೆ. ಆ ಕೆರೆ ಒಂದು ನಂಗಿರ್ಲಿ" ಎಂದಳು.

"ಕೆರೆ ತಗೊಂಡು ಎಂತ ಮಾಡ್ತೀಯ?"

"ಮೀನು ಸಾಕ್ತೀನಿ. ಬೇಸಿಗೆ ಕೊನೇಲಿ ಅಮ್ಮನ್ನ ಕರೆಸ್ತೀನಿ. ಅವ್ರ ಎದುರೇ ಬಲೆ ಹಾಕಿಸಿ ಅವ್ರಿಗೆ ನನ್ನ ಕೈಯಾರೆ ಸಾರು ಮಾಡಿ ಬಡಿಸ್ತೀನಿ."

ಜಲಜಳ ತವರು ಕಳಸ. ಭದ್ರೆಯ ದಡದಲ್ಲೇ ಆಡಿ ಬೆಳೆದವಳು. ನಮ್ಮ ಮನೆಗೆ ಮದುವೆಯಾಗಿ ಬರುವಾಗ ಅವಳ ತಾಯಿ ರಂಗಮ್ಮನವರು ಬೇರೆ ಅಮ್ಮಂದಿರ ಹಾಗೆ "ಅತ್ತೆ ಮಾವನ್ನ ಚೆನ್ನಾಗಿ ನೋಡ್ಕೋ" ಎಂದು ಅಳಲಿಲ್ಲ. "ಹೊಳೆ ಬಿಟ್ಟು ಹೋಗ್ತಿದೀಯಲ್ಲೇ, ಇನ್ನು ನಿಂಗೆ ಜೀವಂತ ಮೀನು ಯಾರು ತಂದು ಕೊಡ್ತಾರೆ" ಎಂದು ಅತ್ತರು. ಆ ಮಾತು ಜಲಜಳ ಮನಸ್ಸಿನಲ್ಲಿ ಅಷ್ಟು ವರ್ಷ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಇಲ್ಲ ಎನ್ನಲು ಬಾಯಿ ಬರಲಿಲ್ಲ. (ಬಂದಿದ್ದರೂ ಕೇಳುವವರು ಯಾರಿದ್ದರು?)

ಸರ್ಕಾರಿ ಮೀನು ಸಾಕಣೆ ಕೇಂದ್ರದಿಂದ ಕಾಟ್ಲಾ, ರೋಹು, ಗೆಂಡೆ ಮರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಜೀಪು ಹತ್ತಿ ಬಂದವು. ಜಲಜ ಅಕ್ಕಿ ತೌಡಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಕಟ್ಟುತ್ತಿದ್ದಳು. ನನಗೆ ರೊಟ್ಟಿ ತಟ್ಟುವಾಗ ಇಲ್ಲದ ಶ್ರದ್ಧೆ ಆ ಉಂಡೆಯಲ್ಲಿತ್ತು. ಅವಳು ಏರಿಯ ಮೇಲೆ ಕಾಲಿಟ್ಟರೆ ಸಾಕು, ನೀರು ಕುದಿಯುವ ಹಾಗೆ ಮೀನುಗಳು ದಡಕ್ಕೆ ನುಗ್ಗುತ್ತಿದ್ದವು. ನಾನು ಕಾಲಿಟ್ಟರೆ ಕೆರೆಯಲ್ಲಿ ಮೀನಿದೆ ಎಂಬ ಸುಳಿವೇ ಸಿಗುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. ಸ್ಪ್ರಿಂಕ್ಲರ್ ಹೊಡೆದು ಕೆರೆಯ ನೀರು ಅರ್ಧಕ್ಕಿಳಿಯಿತು. ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಇಲಾಖೆಯವರು ಹೇಳಿದರು. ಜಲಜ ಅವತ್ತೇ ಮೂಡಿಗೆರೆಗೆ ಹೋಗಿ ಬಸವರಾಜಪ್ಪನವರ ಪಂಪ್‌ಸೆಟ್ ಅಂಗಡಿಯಿಂದ ಒಂದು ಗಾಳಿಚಕ್ರ ಹೊರಿಸಿಕೊಂಡು ಬಂದಳು. ಅದು ಮೋಟಾರಿನಿಂದ ತಿರುಗಿ ನೀರನ್ನು ಎತ್ತಿ ಎತ್ತಿ ಬಡಿಯುತ್ತದೆ, ಗಾಳಿ ನೀರಿಗೆ ಸೇರುತ್ತದೆ. ಜಲಜ ಅದನ್ನು ಹಗಲೂ ಇರುಳೂ ತಿರುಗಿಸಿದಳು. ಅಲ್ಲಿ ಮೀನಿಗೆ ಉಸಿರು ಬಂತು, ಇಲ್ಲಿ ನನ್ನ ಟಿ.ವಿ.ಗೆ ಉಸಿರು ಕಟ್ಟಿತು.

"ಸ್ವಲ್ಪ ಹೊತ್ತಾದ್ರೂ ಆರಿಸ್ಬಾರ್ದಾ ಮಾರಾಯ್ತಿ?" ಎಂದೆ.

"ಒಂದು ಕೆಲ್ಸ ಮಾಡಿ. ಮ್ಯಾಚ್ ಮುಗಿಯೋವರೆಗೂ ನೀವೂ ಉಸಿರು ಬಿಗಿಹಿಡ್ಕೊಂಡು ಕೂತ್ಕೊಳ್ಳಿ. ಆಗುತ್ತೆ ಅಂತಾದ್ರೆ ಆರಿಸ್ತೀನಿ."

"ಕರೆಂಟ್ ದೇಶದ ಆಸ್ತಿ ಜಲಜಾ. ಉಳಿಸ್ಬೇಕು."

"ಹೌದನಾ? ಸ್ನಾನದ ಮನೆ ಗೀಜರ್ ಯಾರ ಆಸ್ತಿ?"

ಇಂಥ ಹೆಂಗಸಿನ ಜೊತೆ ವಾದ ಮಾಡಿ ಗೆಲ್ಲುವುದಕ್ಕಿಂತ ವಿಜ್ಞಾನದ ಸಹಾಯ ಪಡೆಯುವುದು ವಾಸಿ ಎಂದು ನಾನೇ ಬಸವರಾಜಪ್ಪನವರ ಅಂಗಡಿಗೆ ಹೋದೆ.

ಬಸವರಾಜಪ್ಪನವರು ಹಣೆಯ ಮೇಲೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಮೀನು ಸಾಕುವವರಿಗೆ ಬೇಕಾದ್ದೆಲ್ಲ ಮಾರುತ್ತಾ ಕುಳಿತಿರುತ್ತಾರೆ. "ನಾವು ಮೀನು ಮುಟ್ಟಲ್ಲ ಗೌಡ್ರೆ. ಆದ್ರೆ ಅದಕ್ಕೆ ಉಸಿರು ಕೊಡೋದು ಪುಣ್ಯದ ಕೆಲ್ಸ ಅಲ್ವಾ" ಎನ್ನುತ್ತಾರೆ. ಆ ಉಸಿರು ಕೊನೆಗೆ ಯಾವ ಬಾಣಲೆಗೆ ಹೋಗುತ್ತದೆ ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ನನ್ನ ಕಷ್ಟ ಕೇಳಿ ಅವರು ಒಳಗಿನಿಂದ ಒಂದು ಪೆಟ್ಟಿಗೆ ತಂದಿಟ್ಟರು. ಅದಕ್ಕೆ ಒಂದು ಕಿಟಕಿ, ಕಿಟಕಿಯಲ್ಲಿ ಕೆಂಪು ಅಂಕಿ, ಪಕ್ಕದಲ್ಲಿ ಉದ್ದ ವೈರು, ವೈರಿನ ತುದಿಗೆ ಒಂದು ಕಡ್ಡಿ.

"ಇದು ಡಿಜಿಟಲ್ ಗೌಡ್ರೆ. ಕಡ್ಡಿ ನೀರೊಳಗಿರುತ್ತೆ. ನೀರಲ್ಲಿ ಗಾಳಿ ಎಷ್ಟಿದೆ ಅಂತ ಅದು ಅಳೆಯುತ್ತೆ. ಕಮ್ಮಿ ಆದ್ರೆ ಪೆಟ್ಟಿಗೇನೇ ಚಕ್ರ ಹಾಕುತ್ತೆ, ಸಾಕಾದ್ರೆ ಅದೇ ಆರಿಸುತ್ತೆ. ಕರೆಂಟ್ ಅರ್ಧಕ್ಕರ್ಧ ಉಳಿಯುತ್ತೆ. ಇನ್ನೊಂದು ಮಜಾ ಇದೆ, ಇದ್ರೊಳಗೆ ಒಂದು ಸಿಮ್ ಹಾಕಿ. ನೀವು ಮನೇಲಿ ಕೂತು ಅದಕ್ಕೊಂದು ಮಿಸ್ ಕಾಲ್ ಕೊಟ್ರೆ ಚಕ್ರ ತಿರುಗುತ್ತೆ. ಇನ್ನೊಂದು ಕೊಟ್ರೆ ನಿಲ್ಲುತ್ತೆ."

ಆಮೇಲೆ ಅವರು ಕಡ್ಡಿಯನ್ನು ಆಗಾಗ ತೆಗೆದು ಏನೋ ಮಾಡಬೇಕು ಎಂದೂ ಹೇಳಿದರು. ಅಷ್ಟು ಹೊತ್ತಿಗೆ ನಾನು ಮನಸ್ಸಿನಲ್ಲೇ ತಲೆಯಿರುವ ಆಟಗಾರರನ್ನು ನೋಡಲು ಶುರುಮಾಡಿದ್ದೆ.

ಇನ್ನು ಆ ಮಿಸ್ ಕಾಲ್ ವಿಷಯ. ಆಗ ನಮ್ಮ ಕಡೆ ಮೊಬೈಲ್ ಎಂಬುದು ಮಾತಾಡುವ ಯಂತ್ರವಾಗಿರಲಿಲ್ಲ. ಮಾತಾಡಿದರೆ ದುಡ್ಡು ಹೋಗುತ್ತದೆ, ಮಿಸ್ ಕಾಲ್ ಪುಕ್ಕಟೆ. ಆದ್ದರಿಂದ ಎಲ್ಲರೂ ಎಲ್ಲವನ್ನೂ ಮಿಸ್ ಕಾಲಿನಲ್ಲೇ ಮುಗಿಸುತ್ತಿದ್ದರು. ಆಳುಗಳು ಬಂದರು ಎಂದು ತೋಟದ ಲೆಕ್ಕ ಬರೆಯುವ ರೈಟರ್ ಒಂದು ಹೊಡೆಯುತ್ತಿದ್ದ. ಕಾಫಿ ಲೋಡಾಯಿತು ಎಂದು ಲಾರಿಯವನು ಒಂದು. ಎಲ್ಲರಿಗಿಂತ ನಿಷ್ಠೆಯವರು ನಮ್ಮ ಅತ್ತೆ ರಂಗಮ್ಮನವರು. ಕಳಸದಲ್ಲಿ ಮಗನ ಮನೆಯಲ್ಲಿದ್ದ ಅವರಿಗೆ ಯಾರೋ ಒಂದು ಮೊಬೈಲ್ ಕೊಡಿಸಿ, ಎರಡನೇ ನಂಬರಿನ ಗುಂಡಿ ಒತ್ತಿ ಹಿಡಿದರೆ ಅಳಿಯನಿಗೆ ಹೋಗುತ್ತದೆ ಎಂದು ಕಲಿಸಿಬಿಟ್ಟಿದ್ದರು. ಅವರು ರಾತ್ರಿ ಮಲಗುವ ಮುಂಚೆ ಒಂದು ಮಿಸ್ ಕಾಲ್ ಕೊಡುತ್ತಿದ್ದರು. 'ಊಟ ಆಯ್ತು, ಮಲಗ್ತೀನಿ' ಎಂದು ಅರ್ಥ. ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದು. 'ಎದ್ದೆ, ಚೆನ್ನಾಗಿದೀನಿ' ಎಂದು ಅರ್ಥ. ನಮ್ಮ ಮನೆಗೆ ಇದ್ದದ್ದು ಒಂದೇ ಮೊಬೈಲ್, ಮನೆಯೊಳಗೆ ಅದಕ್ಕೆ ಟವರ್ ಸಿಗುತ್ತಿದ್ದದ್ದು ನನ್ನ ತಲೆದಿಂಬಿನ ಮೇಲಿನ ಕಿಟಕಿಯಲ್ಲಿ ಮಾತ್ರ. ಅತ್ತೆ ಎದ್ದರೆಂದರೆ ನಾನೂ ಎದ್ದ ಹಾಗೇ. ಅವರೋ ಕೋಳಿ ಕೂಗುವುದಕ್ಕೆ ಮುಂಚೆ ಏಳುವವರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ಅಳಿಯನಿಗೊಂದು ಕಾಲ ಇದೆಯೆಂದು ಯೋಚಿಸಲಿಲ್ಲ. ನಾನು ಯೋಚಿಸಿದೆ. ಪೆಟ್ಟಿಗೆಗೆಂದು ಹೊಸ ಸಿಮ್ ತಂದವನು ಅದನ್ನು ನನ್ನ ಮೊಬೈಲಿಗೆ ಹಾಕಿಕೊಂಡು, ಹಳೇ ಸಿಮ್ಮನ್ನು ಕೆರೆಯ ಪೆಟ್ಟಿಗೆಗೆ ಹಾಕಿದೆ. ರೈಟರಿಗೆ, ಲಾರಿಯವನಿಗೆ, ನೆಂಟರಿಗೆ, ಎಲ್ಲರಿಗೂ ಹೊಸ ನಂಬರ್ ಕೊಟ್ಟೆ. ಅತ್ತೆಯವರಿಗೆ ಕೊಡಲಿಲ್ಲ. ಹೊಸ ಸಿಮ್ಮೇ ಪೆಟ್ಟಿಗೆಯಲ್ಲಿದೆ ಎಂದು ಜಲಜ ತಿಳಿದಿದ್ದಳು, ನಾನು ತಿದ್ದಲು ಹೋಗಲಿಲ್ಲ.

"ಅಮ್ಮನ ಮಿಸ್ ಕಾಲ್ ಬಂತಾ?" ಎಂದು ಅವಳು ದಿನಾ ಬೆಳಿಗ್ಗೆ ಒಲೆಯ ಮುಂದಿನಿಂದ ಕೇಳುತ್ತಿದ್ದಳು.

"ಬಂತು, ಬಂತು" ಎಂದು ನಾನು ಹೊದಿಕೆಯೊಳಗಿನಿಂದಲೇ ಹೇಳುತ್ತಿದ್ದೆ.

ಪೆಟ್ಟಿಗೆ ಬಂದ ಮೇಲೆ ನಮ್ಮ ಮನೆಗೆ ರಾಮರಾಜ್ಯ ಬಂತು. ಸಂಜೆ ಹೊತ್ತು ಚಕ್ರ ಸುಮ್ಮನಿರುತ್ತಿತ್ತು. ಆಟಗಾರರಿಗೆ ತಲೆ ಬಂತು, ಕಾಲೂ ಬಂತು. ನಾವು ಊಟ ಮಾಡಿ ಮಲಗುವ ಹೊತ್ತಿಗೆ ಚಕ್ರ ತಾನಾಗಿಯೇ ತಿರುಗಲು ಶುರುಮಾಡುತ್ತಿತ್ತು, ಬೆಳಕು ಹರಿಯುವಾಗ ತಾನಾಗಿಯೇ ನಿಲ್ಲುತ್ತಿತ್ತು. ಕರೆಂಟ್ ಬಿಲ್ಲು ಅರ್ಧಕ್ಕಿಳಿಯಿತು. ನಾನು ಮೂಡಿಗೆರೆಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಜಲಕೃಷಿಯಲ್ಲಿ ವಿದ್ಯುತ್ ಮಿತವ್ಯಯದ ಬಗ್ಗೆ ಉಪನ್ಯಾಸ ಕೊಡತೊಡಗಿದೆ. "ಮನುಷ್ಯನಿಗೆ ಅಂದಾಜು, ಯಂತ್ರಕ್ಕೆ ಲೆಕ್ಕ" ಎಂಬ ಒಂದು ಸೂಕ್ತಿಯನ್ನೂ ತಯಾರು ಮಾಡಿಕೊಂಡಿದ್ದೆ. ಪ್ಲಾಂಟರ್‌ಗಳು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗಲಾರಂಭಿಸಿದರು. ಅಸೂಯೆ ಇರಬೇಕು ಎಂದುಕೊಂಡೆ.

ಜಲಜಳಿಗೆ ಮಾತ್ರ ಒಂದು ಅನುಮಾನವಿತ್ತು.

"ಅಲ್ರಿ, ಆ ಪೆಟ್ಟಿಗೇಲಿ ಯಾವಾಗ್ಲೂ ಒಂದೇ ನಂಬರ್ ಇರುತ್ತಲ್ಲ, ನಿಂತ ಗಡಿಯಾರದ ಹಾಗೆ."

"ಆರೋಗ್ಯ ಅಂದ್ರೆ ಅದೇ ಕಣೆ, ಏರುಪೇರು ಇರ್ಬಾರ್ದು. ನನ್ನ ಬಿ.ಪಿ. ಹೀಗಿದ್ದಿದ್ರೆ ಡಾಕ್ಟ್ರು ಹಾರ ಹಾಕ್ತಿದ್ರು."

ಏಪ್ರಿಲ್‌ನಲ್ಲಿ ಒಂದು ದಿನ ಚಕ್ರ ಸಂಜೆಯೇ, ಮ್ಯಾಚಿನ ನಡುವೆ ಶುರುವಾಗಿಬಿಟ್ಟಿತು. "ನೋಡು, ಇವತ್ತು ಸೆಖೆ ಜಾಸ್ತಿ ಇದೆ ಅಂತ ಪೆಟ್ಟಿಗೆಗೆ ಗೊತ್ತಾಯ್ತು" ಎಂದೆ. ಜಲಜ ಸೆರಗು ಹೊದ್ದುಕೊಳ್ಳುತ್ತಾ, "ಅಷ್ಟೇನೂ ಸೆಖೆ ಇಲ್ವಲ್ಲ" ಎಂದಳು. ಚಕ್ರವನ್ನು ಅವಳೇ ಕೈಯಿಂದ ಹಾಕಿರಬಹುದೆಂದು ಅನುಮಾನಿಸಲೂ ಸಾಧ್ಯವಿರಲಿಲ್ಲ. ಯಾಕೆಂದರೆ ಅವಳು ಕದ್ದು ಕದ್ದು ಚಕ್ರ ಹಾಕುತ್ತಾಳೆಂದು ಕೈಯಲ್ಲಿ ಒತ್ತುವ ಸ್ವಿಚ್ಚನ್ನು ನಾನು ಮೊದಲೇ ತೆಗೆಸಿಹಾಕಿದ್ದೆ. ಡಿಜಿಟಲ್ ಎಂದರೆ ಪೂರ್ತಿ ಡಿಜಿಟಲ್ ಆಗಿರಬೇಕು ಎಂಬುದು ನನ್ನ ಸಿದ್ಧಾಂತ.

ಮೇ ತಿಂಗಳ ಕೊನೆಗೆ, ಮಳೆ ಬಂದು ಕೆರೆ ಕೋಡಿ ಬಿದ್ದು ಮೀನುಗಳೆಲ್ಲ ಹಳ್ಳ ಸೇರುವ ಮುಂಚೆ ಬಲೆ ಹಾಕಿಸುವುದೆಂದು ಜಲಜ ಒಂದು ಭಾನುವಾರ ಗೊತ್ತು ಮಾಡಿದಳು. ಶನಿವಾರ ಮಧ್ಯಾಹ್ನ ನನ್ನ ಭಾವಮೈದುನ ಅತ್ತೆಯವರನ್ನು ಜೀಪಿನಲ್ಲಿ ತಂದು ಇಳಿಸಿದ. ಜಲಜಳ ಓಡಾಟವನ್ನು ನೀವು ನೋಡಬೇಕಾಗಿತ್ತು. ಕೊತ್ತಂಬರಿ ಹುರಿದಿಟ್ಟಳು, ಸಾರಿಗೆ ಹುಳಿ ತೆಗೆದಿಟ್ಟಳು, ಮಣ್ಣಿನ ಗಡಿಗೆಯನ್ನು ತೊಳೆದು ಬೋರಲು ಹಾಕಿದಳು. ಅಮ್ಮನನ್ನು ಏರಿಯ ಮೇಲೆ ಕೂರಿಸಿ ಉಂಡೆ ಎಸೆದು ತೋರಿಸಿದಳು. ಮೀನುಗಳು ಮೇಲೆದ್ದಾಗ ಅತ್ತೆಯವರು ಸೆರಗು ಬಾಯಿಗೆ ಹಿಡಿದು, "ಹೊಳೇನೇ ಮನೆಗೆ ತಂದ್ಕೊಂಡಿದೀಯಲ್ಲೇ" ಎಂದರು. ಜಲಜ ಆ ಮಾತಿಗೆ ಇಷ್ಟು ವರ್ಷ ಕಾದಿದ್ದಳು. ಅವಳು ಮುಖ ಆಚೆ ತಿರುಗಿಸಿಕೊಂಡಳು.

ಅವತ್ತು ರಾತ್ರಿ ಊಟದ ಹೊತ್ತಿಗೆ ಅತ್ತೆಯವರು ಸಣ್ಣದೊಂದು ಭರಣಿ ತೆಗೆದು ನನ್ನ ಮುಂದಿಟ್ಟರು. ಜೀರಿಗೆ ಘಮದ ಮಾವಿನ ಮಿಡಿಯ ಉಪ್ಪಿನಕಾಯಿ. ಅವರ ಮನೆಯಲ್ಲಿ ಅದನ್ನು ಗಂಡುಮಕ್ಕಳಿಗೂ ಎಣಿಸಿಯೇ ಹಾಕುತ್ತಾರೆ.

"ಇದು ಪೂರ್ತಿ ಅಳಿಯಂದ್ರಿಗೆ" ಎಂದರು. "ಜಲಜಾ, ನಿನ್ನ ಗಂಡ ಎಷ್ಟು ಬದಲಾಗಿದಾರೆ ಗೊತ್ತನೇ. ಮೊದ್ಲೆಲ್ಲ ಎಷ್ಟು ರಿಂಗ್ ಆದ್ರೂ ಆ ಕಡೆ ಯಾರಿಗೂ ಎಚ್ಚರ ಇರ್ತಿರ್ಲಿಲ್ಲ. ಈಗ ನಾನು ಗುಂಡಿ ಒತ್ತೋದೇ ತಡ, ಒಂದೇ ರಿಂಗಿಗೆ ಟಕ್ ಅಂತ ಕಟ್ ಮಾಡ್ತಾರೆ. ಅತ್ತೆ ಕಾಲ್ ಬರುತ್ತೆ ಅಂತ ಕಾದು ಕೂತಿರ್ತಾರೆ ಪಾಪ. ಕಳಸದಲ್ಲಿ ಎಲ್ಲರ ಹತ್ರಾನೂ ಹೇಳಿದೀನಿ, ಅಳಿಯ ಅಂದ್ರೆ ನಮ್ಮನೆ ಅಳಿಯ ಅಂತ."

ಜಲಜ ನನ್ನನ್ನು ನೋಡಿದ ನೋಟದಲ್ಲಿ ಅಪರೂಪದ ಪ್ರೀತಿಯಿತ್ತು. ಅದನ್ನು ನೋಡಿ ನನಗೆ ಖುಷಿಯಾಗಬೇಕಾಗಿತ್ತು, ಆದರೆ ನಾನು ತಲೆ ತಗ್ಗಿಸಿ ಎಲೆಯ ಮೇಲಿನ ಅನ್ನ ಕಲಸತೊಡಗಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದೇ ರಿಂಗಿಗೆ ಕಟ್ ಮಾಡುವುದು ಆ ಪೆಟ್ಟಿಗೆ ಎಂದು ನನಗೆ ಹೊಳೆದಿತ್ತು. ಅತ್ತೆಯವರ ಕಾಲ್ ಅಲ್ಲಿಗೆ ಹೋಗಿ ಇನ್ನೇನು ಮಾಡುತ್ತಿರಬಹುದು ಎಂದು ಮಾತ್ರ ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ. ಉಪ್ಪಿನಕಾಯಿ ಕಣ್ಣಿಗೆ ನೀರು ತರಿಸುವಷ್ಟು ಚೆನ್ನಾಗಿತ್ತು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಜಲಜಳ ಕೂಗು. ಕೆರೆಯ ಕಡೆಯಿಂದ ಬರುತ್ತಿತ್ತು. ಪಂಚೆ ಬಿಗಿದುಕೊಂಡು, ಕಾಫಿ ಗಿಡಗಳ ನಡುವೆ ಬಿದ್ದೆದ್ದು ಓಡಿದೆ. ಏರಿಯ ಮೇಲೆ ಜಲಜ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ಪಕ್ಕದಲ್ಲಿ ಅತ್ತೆಯವರು. ಕೆರೆಯ ತುಂಬ ಮೀನುಗಳು ಮೇಲೆ ತೇಲಿ ಬಾಯಿ ಬಿಡುತ್ತಿದ್ದವು. ದೊಡ್ಡ ದೊಡ್ಡ ಕಾಟ್ಲಾಗಳು ಮಗುಚಿಕೊಳ್ಳುವ ಹಾಗೆ ಓಲಾಡುತ್ತಿದ್ದವು. ಚಕ್ರ ಅಲ್ಲಾಡದೆ ನಿಂತಿತ್ತು.

"ಚಕ್ರ ಯಾಕೆ ತಿರುಗ್ತಿಲ್ಲ? ರಾತ್ರಿಯಿಂದ ತಿರುಗಿಲ್ಲ ಅನ್ಸುತ್ತೆ ಕಣ್ರಿ" ಎಂದಳು ಜಲಜ.

ಕರೆಂಟ್ ಇತ್ತು. ನಾನು ಪೆಟ್ಟಿಗೆಯ ಕಿಟಕಿಗೆ ಕಣ್ಣಿಟ್ಟೆ. ಎಂದಿನ ಅಂಕಿಯೇ ಕೆಂಪಗೆ ಹೊಳೆಯುತ್ತಿತ್ತು. "ಗಾಳಿ ಬೇಕಾದಷ್ಟಿದೆಯಲ್ಲೇ. ಪೆಟ್ಟಿಗೆ ಹೇಳ್ತಿದೆ ನೋಡು."

"ಮೀನು ಬಾಯಿ ಬಿಡ್ತಿದಾವೆ."

"ಹಸಿವಿಗೆ ಇರ್ಬೋದು."

"ನಂಗೆ ಹಸಿವು ಯಾವುದು, ಸಂಕಟ ಯಾವುದು ಗೊತ್ತಾಗಲ್ವಾ? ಆ ಪೆಟ್ಟಿಗೇನ ಸಾಕಿದ್ದು ನೀವು. ಇವನ್ನ ಸಾಕಿದ್ದು ನಾನು." ಅವಳು ನಿಂತ ಚಕ್ರದ ಕಡೆ ಕೈ ತೋರಿಸಿದಳು. "ಅಮ್ಮ ಬಂದ ದಿನಾನೇ ಹಿಂಗಾಗ್ಬೇಕಾ?"

ಅವಳು ಜಗಳವಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ದನಿ ತಗ್ಗಿಸಿ ಅಳಲು ಶುರುಮಾಡಿದಳು. ಸ್ವಿಚ್ಚು ಹುಡುಕಿದೆ, ಅದನ್ನು ತೆಗೆಸಿದ ಮಹಾನುಭಾವ ನಾನೇ. ಮಿಸ್ ಕಾಲ್ ಕೊಡೋಣವೆಂದು ಜೇಬು ಮುಟ್ಟಿದೆ, ಮೊಬೈಲ್ ಇಲ್ಲ. ದಿಂಬಿನ ಬಳಿಯಿಂದ ಎತ್ತಿಕೊಂಡದ್ದು ನೆನಪಿತ್ತು, ದಾರಿಯಲ್ಲಿ ಬಿದ್ದೆದ್ದಾಗ ಎಲ್ಲೋ ಬಿದ್ದಿರಬೇಕು.

"ಫೋನ್ ಬಿದ್ದೋಯ್ತಾ? ಅಷ್ಟಕ್ಕೆ ಯಾಕೆ ಗಾಬರಿ" ಎಂದರು ಅತ್ತೆಯವರು. ಸೊಂಟದ ಚೀಲದಿಂದ ತಮ್ಮ ಮೊಬೈಲ್ ತೆಗೆದರು. "ಇರಿ, ನಾನು ನಿಮಗೆ ಒಂದು ರಿಂಗ್ ಕೊಡ್ತೀನಿ. ಎಲ್ಲಿ ಬಿದ್ದಿದೆಯೋ ಅಲ್ಲೇ ಹೊಡ್ಕೊಳ್ಳುತ್ತೆ, ಕೇಳಿಸ್ಕೊಂಡು ಹೋಗಿ ಎತ್ಕೊಳ್ಳಿ."

ಅವರ ಹೆಬ್ಬೆರಳು ಎರಡನೇ ಗುಂಡಿಯ ಮೇಲಿತ್ತು. ಅದನ್ನು ಒತ್ತಿದರೆ ದಾರಿಯಲ್ಲಾಗಲಿ ತೋಟದಲ್ಲಾಗಲಿ ಯಾವ ಫೋನೂ ಹೊಡೆದುಕೊಳ್ಳುವುದಿಲ್ಲ, ಕಣ್ಣೆದುರಿಗೆ ಚಕ್ರ ತಿರುಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ತಿರುಗಿದರೆ ಮೀನು ಉಳಿಯುತ್ತವೆ, ನಾನು ಉಳಿಯುವುದಿಲ್ಲ. ಒಂದೇ ರಿಂಗಿನ ಅಳಿಯ, ಜೀರಿಗೆ ಮಿಡಿಯ ಭರಣಿ, ನಿನ್ನೆ ರಾತ್ರಿ ಜಲಜ ನೋಡಿದ ನೋಟ, ಎಲ್ಲವೂ ಆ ಗುಂಡಿಯ ಕೆಳಗಿತ್ತು. 'ಬೇಡ ಅತ್ತೆ, ನಾನೇ ಹುಡುಕಿಕೊಳ್ತೀನಿ' ಎಂದು ಹೇಳಿ ಕಾಫಿ ಗಿಡದ ಬುಡ ತಡಕುತ್ತಾ ಹೋಗಬಹುದಾಗಿತ್ತು. ಮೀನ ಮೇಷ ಎಣಿಸುವುದು ಎಂದರೆ ಏನೆಂದು ನನಗೆ ಅವತ್ತು ಸರಿಯಾಗಿ ತಿಳಿಯಿತು. ಮೇಷ ಎಲ್ಲೂ ಇರಲಿಲ್ಲ, ಮೀನುಗಳು ಮಾತ್ರ ಎದುರಿಗೇ ಒಂದೊಂದಾಗಿ ಮಗುಚುತ್ತಿದ್ದವು.

ಜಲಜ ನೀರಿಗಿಳಿದು, ಸೀರೆ ನೆನೆಯುವುದನ್ನೂ ನೋಡದೆ, ಒಂದು ಗೆಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿದ್ದಳು. ಅದರ ಕಿವಿರಿಗೆ ಸ್ವಲ್ಪವಾದರೂ ಗಾಳಿ ಹೋಗಲೆಂದು.

"ಒತ್ತಿ ಅತ್ತೆ" ಎಂದೆ.

ಅತ್ತೆಯವರು ಒತ್ತಿದರು. ಪೆಟ್ಟಿಗೆಯೊಳಗೆ ಟಕ್ ಎಂದಿತು. ಚಕ್ರ ಒಮ್ಮೆ ನರಳಿ, ಆಮೇಲೆ ಬಿರುಸಾಗಿ ತಿರುಗಿ ನೀರನ್ನು ಬಡಿಯತೊಡಗಿತು. ತುಂತುರು ನಮ್ಮ ಮೂವರ ಮುಖಕ್ಕೂ ರಾಚಿತು.

ಅತ್ತೆಯವರು ಚಕ್ರವನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಮೊಬೈಲನ್ನು ನೋಡಿದರು. ಏನೋ ಪರೀಕ್ಷೆ ಮಾಡುವವರ ಹಾಗೆ ಇನ್ನೊಮ್ಮೆ ಒತ್ತಿದರು. ಚಕ್ರ ನಿಂತಿತು. ಮತ್ತೊಮ್ಮೆ ಒತ್ತಿದರು. ತಿರುಗಿತು.

"ಅಳಿಯಂದ್ರೆ, ನಾನು ನಿಮಗೆ ಕಾಲ್ ಕೊಟ್ರೆ ಇದ್ಯಾಕೆ ತಿರುಗುತ್ತೆ?"

ನಾನು ಆಕಾಶ ನೋಡಿದೆ. ಅಲ್ಲಿಂದ ಯಾವ ಸಹಾಯವೂ ಬರುವ ಹಾಗಿರಲಿಲ್ಲ. ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದೆ. ಹಳೇ ಸಿಮ್, ಹೊಸ ಸಿಮ್, ಬೆಳಗಿನ ನಿದ್ದೆ, ಎಲ್ಲವನ್ನೂ. ಜಲಜ ಸೊಂಟದ ಮಟ್ಟ ನೀರಿನಲ್ಲಿ ನಿಂತೇ ಕೇಳಿಸಿಕೊಂಡಳು. ಅವಳು ಲೆಕ್ಕದಲ್ಲಿ ಯಾವಾಗಲೂ ನನಗಿಂತ ಚುರುಕು.

"ಅಮ್ಮಾ, ನೀನು ಮಲಗೋ ಮುಂಚೆ ಒಂದು ಕೊಡ್ತಿದ್ದೆ. ಎದ್ದ ಮೇಲೆ ಒಂದು."

"ಹೌದು. ದ್ಯಾವ್ರ ದೀಪ ತಪ್ಪಿದ್ರೂ ಅದು ತಪ್ಪಿಸಿಲ್ಲ. ನಿನ್ನೆ ಇಲ್ಲೇ ಇದ್ದೆನಲ್ಲ, ಅದಕ್ಕೆ ಕೊಡ್ಲಿಲ್ಲ."

"ಹಂಗಾದ್ರೆ ಇಷ್ಟು ದಿನ ಚಕ್ರ ತಿರುಗಿಸಿದ್ದು ಪೆಟ್ಟಿಗೆ ಅಲ್ಲ."

ನನ್ನ ಡಿಜಿಟಲ್ ಕ್ರಾಂತಿ ಅಲ್ಲಿಗೆ ಮುಗಿಯಿತು. ನಾನು ಊರೆಲ್ಲ ಹೊಗಳಿಕೊಂಡು ಬಂದ ವಿದ್ಯುತ್ ಮಿತವ್ಯಯ ಎಂಬುದು ಕಳಸದಲ್ಲಿ ನಮ್ಮ ಅತ್ತೆ ಮಾಡಿದ ನಿದ್ದೆ ಬಿಟ್ಟು ಬೇರೇನೂ ಆಗಿರಲಿಲ್ಲ. ಅವರು ಮಲಗಿದಾಗ ಚಕ್ರ ತಿರುಗುತ್ತಿತ್ತು, ಎದ್ದಾಗ ನಿಲ್ಲುತ್ತಿತ್ತು.

"ಏಪ್ರಿಲ್‌ನಲ್ಲಿ ಒಂದಿನ ಸಂಜೇನೇ ಶುರುವಾಗಿತ್ತು" ಎಂದು ಬಾಯಿಂದ ಬಂತು.

"ಅವತ್ತು ನಂಗೆ ಜ್ವರ ಬಂದಿತ್ತು" ಎಂದರು ಅತ್ತೆಯವರು. "ಬೇಗ ಮಲಗಿದ್ದೆ. ಹೊತ್ತಿಗೆ ಮುಂಚೆ ಕಾಲ್ ಬಂದಿದ್ದು ನೋಡಿ ನೀವೇನಾದ್ರೂ ವಿಚಾರಿಸ್ತೀರೇನೋ ಅಂದ್ಕೊಂಡಿದ್ದೆ." ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ನನಗೆ ಇಡೀ ಬದುಕಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅವರು ಚಳಿಯಲ್ಲಿ ನಡುಗುತ್ತಾ ಗುಂಡಿ ಒತ್ತಿದಾಗ ನಾನು ಇಲ್ಲಿ ಕುಳಿತು ಸೆಖೆಯ ವ್ಯಾಖ್ಯಾನ ಮಾಡುತ್ತಿದ್ದೆ.

ಜಲಜ ನೀರಿನಿಂದ ಮೇಲೆ ಬಂದಳು. ಅವಳ ಕೈಯಲ್ಲಿದ್ದ ಗೆಂಡೆ ಚೇತರಿಸಿಕೊಂಡು ಈಜಿ ಹೋಗಿತ್ತು, ಅವಳ ಮುಖದಿಂದ ನನಗೆ ಅಂಥ ಯಾವ ಭರವಸೆಯೂ ಸಿಗಲಿಲ್ಲ. "ದಿನಾ ಬೆಳಿಗ್ಗೆ ಕೇಳ್ತಿದ್ದೆ, ಬಂತಾ ಅಂತ. ಬಂತು ಅಂತಿದ್ರಿ" ಎಂದಷ್ಟೇ ಹೇಳಿ ಮನೆಯ ಕಡೆ ನಡೆದಳು. ಮಿಸ್ ಕಾಲಿಗಿಂತ ಮಿಸೆಸ್ ಮೌನ ಭಯಂಕರ.

ಬಿಸಿಲೇರುವ ಹೊತ್ತಿಗೆ ಮೀನುಗಳು ತಳಕ್ಕಿಳಿದವು. ಒಂದೆರಡು ಸತ್ತಿದ್ದವು, ಅವನ್ನು ತೆಂಗಿನ ಬುಡಕ್ಕೆ ಹೂತೆವು. ಸುದ್ದಿ ಕೇಳಿ ಬಸವರಾಜಪ್ಪನವರು ಸ್ಕೂಟರಿನಲ್ಲಿ ಬಂದು ಕಡ್ಡಿಯನ್ನು ನೀರಿನಿಂದ ಎತ್ತಿದರು. ಅದರ ಸುತ್ತ ಪಾಚಿ ಕಂಬಳಿ ಹೊದ್ದ ಹಾಗೆ ಕೂತಿತ್ತು.

"ಒರೆಸ್ತಾ ಇರಿ ಅಂದಿದ್ದೆ ಗೌಡ್ರೆ."

"ಏನೋ ಮಾಡಿ ಅಂದಿದ್ರಿ, ಅದು ನೆನಪಿದೆ."

"ಇನ್ನು ಒರೆಸಿ ಪ್ರಯೋಜನ ಇಲ್ಲ, ಕಡ್ಡಿ ಹೋಯ್ತು. ಹೊಸದು ತರಿಸ್ಬೇಕು. ಮಳೆ ಹಿಡಿಯೋದ್ರೊಳಗೆ ಬರೋದು ಕಷ್ಟ." ಅವರು ವಿಭೂತಿಯ ಕೆಳಗಿನ ಹುಬ್ಬೇರಿಸಿ ಅತ್ತೆಯವರ ಕಡೆ ನೋಡಿದರು. "ಅಲ್ಲಿವರೆಗೂ ಅಮ್ಮಾವ್ರೇ ಗತಿ."

ಭಾನುವಾರದ ಬಲೆಯನ್ನು ಜಲಜ ಎರಡು ದಿನ ಮುಂದಕ್ಕೆ ಹಾಕಿದಳು. ಬಲೆಯಲ್ಲಿ ಬಂದ ದೊಡ್ಡವನ್ನು ಹಿಡಿದು, ಚಿಕ್ಕವನ್ನು ಕೆರೆಗೇ ಬಿಟ್ಟೆವು. ಮಧ್ಯಾಹ್ನ ಮಣ್ಣಿನ ಗಡಿಗೆಯ ಸಾರು ಅತ್ತೆಯವರ ಎಲೆಗೆ ಬಿತ್ತು. ಅವರು ತಲೆಯ ಭಾಗವನ್ನು ಕೇಳಿ ಹಾಕಿಸಿಕೊಂಡು, ನಿಧಾನವಾಗಿ ಮುಳ್ಳು ಬಿಡಿಸಿ ತಿಂದರು. ಜಲಜ ಸೌಟು ಹಿಡಿದು ನಿಂತೇ ಇದ್ದಳು.

"ಭದ್ರೆ ಮೀನಿಗಿಂತ ಸಿಹಿ ಇದೆ ಕಣೆ" ಎಂದರು ಕೊನೆಗೆ. "ನನ್ನ ಉಸಿರು ಸೇರಿದೆ ಅಂತಾನೋ ಏನೋ."

ತಾಯಿ ಮಗಳು ನಕ್ಕರು. ನಾನೂ ನಗಲು ನೋಡಿದೆ. ಜಲಜ ನನ್ನ ಎಲೆಗೆ ಬಾಲದ ತುಂಡು ಹಾಕಿ ಮುಂದೆ ಹೋದಳು.

ಅತ್ತೆಯವರು ಹೊರಡುವ ದಿನ ನಾನು ಹೊಸ ನಂಬರನ್ನು ಕೈಯಲ್ಲಿ ಹಿಡಿದುಕೊಂಡು ಜೀಪಿನ ಬಳಿ ನಿಂತೆ. "ಅತ್ತೆ, ಇನ್ಮೇಲೆ ಇದಕ್ಕೆ ಕೊಡಿ. ಕಿವಿ ಕಿಟಕೀಲೇ ಇಟ್ಕೊಂಡಿರ್ತೀನಿ."

ಅವರು ಚೀಟಿಯನ್ನು ತೆಗೆದುಕೊಳ್ಳಲಿಲ್ಲ. ಆದರೆ ನನ್ನ ಕೈಯನ್ನು ತಟ್ಟಿದರು. "ಅದೇ ನಂಬರ್ ಇರ್ಲಿ ಬಿಡಿ ಅಳಿಯಂದ್ರೆ. ನೀವು ನಿದ್ದೆಗಣ್ಣವ್ರು. ನನ್ನ ಮಾತಿಗೆ ಆ ಪೆಟ್ಟಿಗೆ ಥಟ್ಟನೆ ಎದ್ದು ಕೆಲ್ಸ ಮಾಡುತ್ತೆ, ನಂಗೆ ಅದೇ ಅಭ್ಯಾಸ ಆಗೋಯ್ತು."

ಅತ್ತೆಯವರು ಹೋದ ಮೂರನೇ ದಿನ ಜಲಜ ನನ್ನೊಡನೆ ಮಾತಾಡಿದಳು. ಅದು ಮಾತಲ್ಲ, ಆಜ್ಞೆ. ಅಮ್ಮನ ಕಾಲ್ ಈಗ ಮನೆಗೆ ಬರುವುದಿಲ್ಲ, ಕೆರೆಗೆ ಬರುತ್ತದೆ. ಆದ್ದರಿಂದ ಅಮ್ಮ ಎದ್ದರೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ಕೆರೆಗೆ ಹೋಗಿ, ಚಕ್ರ ನಿಂತಿದ್ದನ್ನು ಕಣ್ಣಾರೆ ನೋಡಿ ಬಂದು ಅವಳಿಗೆ ವರದಿ ಒಪ್ಪಿಸಬೇಕು. ಅತ್ತೆಯವರಿಂದ ನಿದ್ದೆ ಉಳಿಸಿಕೊಳ್ಳಲು ಸಿಮ್ ಬದಲಾಯಿಸಿದವನು ಈಗ ಅವರಿಗಿಂತ ಮುಂಚೆ ಎದ್ದು, ಜಿಗಣೆ ಕಿತ್ತುಕೊಳ್ಳುತ್ತಾ ಏರಿಯ ಮೇಲೆ ಕೂರುತ್ತಿದ್ದೆ. ಆ ವರ್ಷ ಮಳೆಯೂ ತಡವಾಯಿತು.

ಮೊದಮೊದಲು ಶಪಿಸಿಕೊಂಡು ಕೂರುತ್ತಿದ್ದೆ. ಆಮೇಲೆ ಅದೇನಾಯಿತೋ, ಮಂಜಿನ ನಡುವೆ ಚಕ್ರ ಟಕ್ ಎಂದು ನಿಂತು ನೀರು ಸುಮ್ಮನಾದಾಗ ನನಗೂ ಒಂದು ನೆಮ್ಮದಿ ಆಗತೊಡಗಿತು. ಕಳಸದಲ್ಲಿ ಒಬ್ಬರು ಎದ್ದರು, ಚೆನ್ನಾಗಿದ್ದಾರೆ. ಇನ್ನು ಕಾಫಿ ಕುಡಿಯಬಹುದು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಚಕ್ರ ನಿಲ್ಲಲಿಲ್ಲ. ಮಂಜು ಕರಗಿತು, ಬಿಸಿಲು ಮರದ ತುದಿಯಿಂದ ಕೆಳಗಿಳಿಯಿತು, ಆಳುಗಳು ಬರುವ ಹೊತ್ತಾಯಿತು. ಚಕ್ರ ತಿರುಗುತ್ತಲೇ ಇತ್ತು. ಮೊದಲು ಕರೆಂಟ್ ದಂಡ ಎಂದುಕೊಂಡೆ. ಆಮೇಲೆ ಜ್ವರದ ದಿನ ನೆನಪಾಯಿತು. ಆ ಮುದುಕಿಗೆ ಏನಾದರೂ ಆಗಿದ್ದರೆ ಎಂಬ ಯೋಚನೆಯೇ ನನ್ನನ್ನು ಅಳಿಸಿಬಿಟ್ಟಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಏರಿ ಇಳಿದು, ತೋಟ ದಾಟಿ, ಮನೆಯವರೆಗೆ ಓಡಿದೆ. ಜಲಜಳಿಗೆ ಏನೂ ಹೇಳದೆ ಕಿಟಕಿಯಲ್ಲಿ ತಲೆ ತೂರಿಸಿ ಕಳಸಕ್ಕೆ ಫೋನ್ ಹಚ್ಚಿದೆ. ರಿಂಗ್ ಆಯಿತು, ಆಗುತ್ತಲೇ ಇತ್ತು. ಕಟ್ಟಾಯಿತು. ಮತ್ತೆ ಹಚ್ಚಿದೆ. ನನ್ನ ಮುಖ ನೋಡಿ ಜಲಜ ಸೌಟು ಬಿಟ್ಟು ಓಡಿಬಂದು ನನ್ನ ತೋಳು ಹಿಡಿದುಕೊಂಡಳು.

ಕೊನೆಗೆ ಆ ಕಡೆಯಿಂದ ಫೋನ್ ಎತ್ತಿದ ಸದ್ದಾಯಿತು.

"ಅತ್ತೆ" ಎಂದೆ.

"ಎಂತ ಅಳಿಯಂದ್ರೆ ಇದು" ಎಂದಿತು ನಿದ್ದೆಗಣ್ಣಿನ ದನಿ. "ನಿನ್ನೆ ಮದುವೆ ಮನೆಯಿಂದ ಬಂದು ಮಲಗಿದ್ದೇ ತಡರಾತ್ರಿ, ಈಗಷ್ಟೇ ಒಂದು ಒಳ್ಳೆ ನಿದ್ದೆ ಹತ್ತಿತ್ತು. ಹೊತ್ತಾರೆ ಹೊತ್ತಾರೆ ಯಾರಾದ್ರೂ ಹಿಂಗೆ ಪೂರ್ತಿ ರಿಂಗ್ ಮಾಡಿ ಎಬ್ಬಿಸ್ತಾರಾ? ಒಂದು ಮಿಸ್ ಕಾಲ್ ಕೊಟ್ಟಿದ್ರೆ ಸಾಕಾಗಿತ್ತಪ್ಪ."